ಗೋಡೆಯ ಮೇಲಿನ ಕಪ್ಪು ಪಟ್ಟಿ

ಅಳಿಯ ಪ್ರೊಜೆಕ್ಟರ್ ತಂದದ್ದು ಒಂದು ಗುರುವಾರ, ಬೆಳಗಿನ ಹನ್ನೊಂದರ ಹೊತ್ತಿಗೆ. ಲಿಫ್ಟು ಕೆಟ್ಟಿತ್ತು, ಮೂರು ಮಹಡಿ ಹತ್ತಿ ಬಂದಿದ್ದ. ಡಬ್ಬವನ್ನು ಮೇಜಿನ ಮೇಲಿಟ್ಟು ಬೆವರು ಒರೆಸಿಕೊಂಡು, "ಮಾವ, ಇದು ಅತ್ತೆಗೆ," ಎಂದ. ನಾನು ಸರಿ ಎಂದೆ. ಆ ವರ್ಷವೆಲ್ಲ ಯಾರು ಏನು ಹೇಳಿದರೂ ನಾನು ಸರಿ ಎಂದೇ ಹೇಳುತ್ತಿದ್ದೆ.

ಮಗಳು ಹೋಗಿ ಹನ್ನೊಂದು ತಿಂಗಳಾಗಿತ್ತು. ತಲೆಯೊಳಗೆ ಒಂದು ರಕ್ತನಾಳ ಒಡೆಯಿತು ಎಂದರು. ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಮಧ್ಯಾಹ್ನಕ್ಕೆ ಇರಲಿಲ್ಲ. ಅಳಬೇಕಾದವರೆಲ್ಲ ಅತ್ತರು. ನನಗೆ ಅಳು ಬರಲಿಲ್ಲ. ಕೆಲವರಿಗೆ ತಡವಾಗಿ ಬರುತ್ತದೆ ಎಂದು ಬಂದವರು ಹೇಳಿ ಹೋದರು. ಬಸ್ಸಿಗೆ ಕಾಯುವ ಹಾಗೆ ಕೆಲವು ದಿನ ಕಾದೆ. ಆಮೇಲೆ ಕಾಯುವುದನ್ನೂ ಬಿಟ್ಟೆ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಒಮ್ಮೆ ಬಾಗಿಲ ಸಂದಿಗೆ ಬೆರಳು ಸಿಕ್ಕಿ ಉಗುರು ಕಪ್ಪಾಯಿತು. ಕಪ್ಪಾಗಿದೆ ಎಂದು ನೋಡಿದೆ, ಅಷ್ಟೇ.

ಅದೇ ವರ್ಷ ನನ್ನ ಹೆಂಡತಿಯ ಕಣ್ಣು ಕೆಡತೊಡಗಿತು. ಅವಳು ಬಟ್ಟೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅಂಗಿಗಳಿಗೆ ಕಾಜ ಹಾಕಿದವಳು, ಕಣ್ಣಿನಿಂದಲೇ ಬದುಕಿದವಳು. ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಆದರೆ ಆಸ್ಪತ್ರೆಯ ಒಳಕೋಣೆಗೆ ಕಾಲಿಡುವುದು ಮಗಳು ಹೋದ ದಿನದಿಂದ ನನಗೆ ಆಗುತ್ತಿರಲಿಲ್ಲ. "ನೀವು ಇಲ್ಲೇ ಬೆಂಚಲ್ಲಿ ಕೂತಿರಿ," ಎಂದು ಅವಳೊಬ್ಬಳೇ ಹೋದಳು. ಮುಕ್ಕಾಲು ಗಂಟೆ ಬಿಟ್ಟು ಬಂದು ಹೇಳಿದ್ದಿಷ್ಟು: "ಎಡಗಣ್ಣು ಮುಗೀತಂತೆ. ಬಲಗಣ್ಣಿಗೆ ಇನ್ನೂ ಐದಾರು ತಿಂಗಳು ಟೈಮಿದೆಯಂತೆ. ದೊಡ್ಡದಾಗಿದ್ರೆ ಕಾಣುತ್ತಂತೆ." ಮುಕ್ಕಾಲು ಗಂಟೆಯಲ್ಲಿ ಡಾಕ್ಟರು ಬರೀ ಮೂರು ಮಾತು ಹೇಳಿರಲಾರರು ಎಂದು ನನಗೆ ಹೊಳೆಯಲಿಲ್ಲ.

ಅವಳು ಕೇಳಿದ್ದು ಒಂದೇ. ಬಲಗಣ್ಣೂ ಹೋಗುವ ಮೊದಲು ಮಗಳ ಮುಖವನ್ನು ಇನ್ನೊಮ್ಮೆ ಸರಿಯಾಗಿ ನೋಡಬೇಕು. ಫೋಟೋ ಸಣ್ಣದು, ಫೋನು ಅದಕ್ಕಿಂತ ಸಣ್ಣದು, ನಮ್ಮ ಟಿವಿಯೂ ಸಣ್ಣದು. ಅಳಿಯನ ಹತ್ತಿರ ಹಳೆಯ ಕ್ಯಾಮೆರಾದಲ್ಲಿ ತೆಗೆದ ಹನ್ನೊಂದು ನಿಮಿಷದ ಒಂದು ವಿಡಿಯೋ ಇತ್ತು. ಅವರಿಬ್ಬರೂ ಹೊಸದಾಗಿ ಮನೆ ಮಾಡಿದಾಗಿನದು. ಮಗಳು ಸ್ಟೂಲು ಹತ್ತಿ ಗೋಡೆಗೆ ಬಣ್ಣ ಬಳಿಯುತ್ತಿರುವುದು. ಅವಳು ಓಡಾಡುವ, ತಿರುಗುವ, ಮಾತಾಡುವ ವಿಡಿಯೋ ಎಂದು ಉಳಿದದ್ದು ಅದೊಂದೇ. ಜನರ ಮನೆಗಳಲ್ಲಿ ಹೋಂ ಥಿಯೇಟರ್ ಕೂರಿಸಿಕೊಡುವುದೇ ಅಳಿಯನ ಕೆಲಸ. ಅಂಗಡಿಯಲ್ಲಿ ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಪ್ರೊಜೆಕ್ಟರನ್ನೇ ಎತ್ತಿಕೊಂಡು ಬಂದಿದ್ದ.

ನಾನೂ ಒಂದು ಕಾಲಕ್ಕೆ ಆ ಕೆಲಸದವನೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು, ಸಿನಿಮಾ ಹಾಲಿನಲ್ಲಿ ಕಸ ಗುಡಿಸುವುದರಿಂದ ಹಿಡಿದು, ಮಿಷನ್ ಇರುವ ಕ್ಯಾಬಿನ್ ಹತ್ತಿ, ಮೂವತ್ತೇಳು ವರ್ಷ ಸಿನಿಮಾ ಆಪರೇಟರ್ ಆಗಿದ್ದೆ. ಈಗ ಆ ಹಾಲು ಟೈರ್ ಗೋಡೌನ್ ಆಗಿದೆ. ಬೀದಿಯಲ್ಲಿ ಎಲ್ಲರಿಗೂ ನಾನು ಈಗಲೂ ಆಪರೇಟರ್. ಅಳಿಯ ತಮಾಷೆಯ ಮನಸ್ಸಿದ್ದಾಗ ಹಾಗೇ ಕರೆಯುತ್ತಾನೆ.

"ಆಪರೇಟರ್ ಸಾಹೇಬ್ರೆ, ಇದು ನಿಮ್ಮ ಕಾರ್ಬನ್ ಕಡ್ಡಿ ಹಚ್ಚೋ ಮಿಷನ್ ಅಲ್ಲ. ಹೊಗೆ ಬರಲ್ಲ. ಬಂದ್ರೆ ಓಡಿ ಹೋಗಿ."

"ಸದ್ದೇ ಇಲ್ಲವಲ್ಲೋ. ಓಡ್ತಾ ಇದೆ ಅಂತ ಹೇಗೆ ಗೊತ್ತಾಗೋದು?"

"ಗೋಡೆ ನೋಡಿ ಮಾವ. ಚಿತ್ರ ಬಂದ್ರೆ ಓಡ್ತಿದೆ ಅಂತ."

ನಡುಮನೆಯ ಖಾಲಿ ಗೋಡೆಯ ಎದುರಿನ ಕಪಾಟಿನ ಮೇಲೆ ಅದನ್ನು ಕೂರಿಸಿದ. ಅದಕ್ಕೆ ಸೋಪಿನಷ್ಟು ದೊಡ್ಡ ಇನ್ನೊಂದು ಪೆಟ್ಟಿಗೆ ಜೋಡಿಸಿದ. ವಿಡಿಯೋ ಇದ್ದದ್ದು ಆ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಚಿತ್ರ ಕಳಿಸುತ್ತದೆ, ಪ್ರೊಜೆಕ್ಟರ್ ಗೋಡೆಗೆ ಎಸೆಯುತ್ತದೆ. ಎಷ್ಟು ಗೆರೆಗಳಾಗಿ ಕಳಿಸಬೇಕು, ಸೆಕೆಂಡಿಗೆ ಎಷ್ಟು ಚಿತ್ರ, ಚೌಕವಾಗಿಯೋ ಅಗಲವಾಗಿಯೋ, ಎಷ್ಟು ಬೆಳಕು, ಎಲ್ಲವನ್ನೂ ರಿಮೋಟಿನಲ್ಲಿ ಆರಿಸಬೇಕು. ಅದಕ್ಕೆ ವಿಡಿಯೋ ಔಟ್‌ಪುಟ್ ಎಂದು ಹೆಸರು. ಅಕ್ಷರಗಳೆಲ್ಲ ಇಂಗ್ಲಿಷು. ಅಂಕಿಗಳು ಮಾತ್ರ ನನಗೆ ಗೊತ್ತಾಗುತ್ತಿದ್ದವು.

"ಎಲ್ಲ ಆಟೋಗೆ ಬಿಡಿ ಮಾವ, ಅದೇ ನೋಡ್ಕೊಳುತ್ತೆ," ಎಂದು ಅಳಿಯ ಗುಂಡಿ ಒತ್ತಿದ.

ಗೋಡೆಯ ತುಂಬ ಮಗಳು ಬಂದಳು. ನನ್ನ ಹೆಂಡತಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಅಳಿಯ ಗೋಡೆಗೆ ಬೆನ್ನು ಮಾಡಿ ನಿಂತು ವೈರುಗಳನ್ನು ಸುತ್ತುತ್ತಿದ್ದ. ಅವನು ಒಮ್ಮೆಯೂ ತಿರುಗಲಿಲ್ಲ. ಬಣ್ಣದ ಡಬ್ಬಿಯ ಸದ್ದು ಕೇಳಿದ ಮೇಲೆ, "ಬರ್ತಿದೆ ತಾನೆ?" ಎಂದ.

"ಬರ್ತಿದೆ," ಎಂದೆ. "ಆದ್ರೆ ಅಡ್ಡಕ್ಕೆ ಎಳೆದಿದೆ. ಅವಳು ಅಷ್ಟು ದಪ್ಪ ಇರಲಿಲ್ಲ."

"ಹಳೇ ಕ್ಯಾಮೆರಾ ಅಲ್ವಾ, ಚೌಕ ಚಿತ್ರ. ಆಟೋ ಅದನ್ನ ಗೋಡೆ ಅಗಲಕ್ಕೆ ಹಿಗ್ಗಿಸಿದೆ. ಸರಿ ಮಾಡ್ಬೋದು. ನೋಡಿ, ಇಲ್ಲಿ." ರಿಮೋಟನ್ನು ನನ್ನ ಕೈಗೆ ಕೊಟ್ಟು ಹೇಗೆ ಬದಲಾಯಿಸುವುದೆಂದು ತೋರಿಸಿದ. "ಏನಾದ್ರೂ ತಪ್ಪು ಆರಿಸಿದ್ರೆ ಗೋಡೆ ಕಪ್ಪಾಗುತ್ತೆ. ಗಾಬರಿ ಬೀಳ್ಬೇಡಿ. ಹದಿನೈದು ಸೆಕೆಂಡು ಸುಮ್ನೆ ಕೂತ್ಕೊಳ್ಳಿ, ತಾನಾಗೇ ಹಳೇದಕ್ಕೆ ವಾಪಸ್ ಬರುತ್ತೆ. ಚೆನ್ನಾಗಿದೆ ಅನ್ನಿಸಿದ್ರೆ ಮಾತ್ರ ಹೂಂ ಒತ್ತಿ."

"ಹೂಂ ಅಂದ್ರೆ ಯಾವುದು?"

"ನಡುವಿನ ಗುಂಡಿ. ಮದುವೆಯಲ್ಲಿ ನೀವು ನನಗೆ ಅಂದಿದ್ರಲ್ಲ ಒಲ್ಲದ ಮನಸ್ಸಿಂದ, ಅದೇ ಹೂಂ."

ನನ್ನ ಹೆಂಡತಿ ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು. ಅಳಿಯ ವೈರು ಸುತ್ತಿ ಮುಗಿಸಿ, ಊಟಕ್ಕೂ ನಿಲ್ಲದೆ, ಗೋಡೆಯ ಕಡೆ ಕಣ್ಣು ಹಾಯಿಸದೆ ಹೊರಟುಹೋದ.

ಮೂರನೇ ದಿನದ ಹೊತ್ತಿಗೆ ನನ್ನ ಕೈ ಕುದುರಿತು. ಅಕ್ಷರ ಬಾರದವನು ಆಕಾರ ನೆನಪಿಡುತ್ತಾನೆ. ಹಳೆಯ ಡೈರಿಯೊಂದರಲ್ಲಿ ಆರಿಸಿದ್ದನ್ನೆಲ್ಲ ಬರೆದುಕೊಳ್ಳುತ್ತಾ ಹೋದೆ. ಅಂಕಿಯಿದ್ದರೆ ಅಂಕಿ, ಪದವಿದ್ದರೆ ಅದರ ಮೊದಲ ಅಕ್ಷರದ ಚಿತ್ರ, ಪಕ್ಕದಲ್ಲಿ ಗೋಡೆಯ ಚಿತ್ರ. ಏಳುನೂರ ಇಪ್ಪತ್ತು ಗೆರೆ, ಸೆಕೆಂಡಿಗೆ ಐವತ್ತು ಚಿತ್ರ. ಆಕಾರ: ಚೌಕ. ಬೆಳಕು: ನಡುವಿನದು. ಹಾಗಿಟ್ಟಾಗ ಮಗಳು ತನ್ನ ಗಾತ್ರಕ್ಕೆ ಬಂದಳು. ಗೋಡೆಯ ನಡುವೆ ಚೌಕ ಚಿತ್ರ, ಎರಡು ಬದಿಗೂ ಒಂದೊಂದು ಕಪ್ಪು ಪಟ್ಟಿ. ಹಾಲಿನಲ್ಲಿ ಹಳೆಯ ಚಿತ್ರ ಬಂದಾಗ ನಾವು ತೆರೆಯ ಎರಡೂ ಬದಿಗೆ ಕಪ್ಪು ಬಟ್ಟೆ ಎಳೆಯುತ್ತಿದ್ದೆವು, ಹಾಗೆ.

ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಆಟ. ಕಿಟಕಿಗಳಿಗೆ ದಪ್ಪ ಹೊದಿಕೆ ಕಟ್ಟುತ್ತಿದ್ದೆ. ಅವಳು ಕುರ್ಚಿಯಲ್ಲಿ ಕೂರುತ್ತಿದ್ದಳು. ನಾನು ಹಿಂದೆ ಕಪಾಟಿನ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಪಕ್ಕದಲ್ಲಿ ಕೂತುಕೊಳ್ಳಿ ಎಂದು ಅವಳು ಕರೆದಳು. ಮಿಷನ್ ಓಡುವಾಗ ಆಪರೇಟರ್ ಕೂರುವುದಿಲ್ಲ ಎಂದೆ.

"ಹೂಂ, ಸಾವಿರ ಸಿನಿಮಾ ತೋರಿಸಿದ ಮನುಷ್ಯ. ಒಂದರ ಕತೆನಾದ್ರೂ ಹೇಳಿ ನೋಡೋಣ."

ಅದು ನಮ್ಮ ಮನೆಯ ಹಳೆಯ ಚೇಷ್ಟೆ. ಆಪರೇಟರ್ ಸಿನಿಮಾ ನೋಡುವುದಿಲ್ಲ. ರೀಲು ಮುಗಿಯುವ ಮುಂಚೆ ತೆರೆಯ ಮೇಲಿನ ಬಲಮೂಲೆಯಲ್ಲಿ ಒಂದು ಚುಕ್ಕೆ ಹಾರಿ ಹೋಗುತ್ತದೆ. ಅದು ಕಂಡ ಕೂಡಲೇ ಮುಂದಿನ ರೀಲು ಹಾಕಿಟ್ಟ ಎರಡನೇ ಮಿಷನ್ ಹಚ್ಚಬೇಕು. ಕಣ್ಣು ಸದಾ ಆ ಮೂಲೆಯಲ್ಲಿರುತ್ತದೆ, ಇಲ್ಲವೇ ಅಂಚಿನಲ್ಲಿ. ಅಂಚು ಚೂಪಾಗಿದೆಯೇ, ಬೆಳಕು ಸಮವಾಗಿದೆಯೇ ಎಂದು ನೋಡಬೇಕು. ನಡುವೆ ಯಾರು ಯಾರನ್ನು ಅಪ್ಪಿಕೊಂಡರು, ಯಾರು ಸತ್ತರು, ಅದು ಟಿಕೆಟು ಕೊಂಡವರ ವಿಷಯ.

ಇನ್ನೊಂದು ಕಡೆಯೂ ಕಣ್ಣಿಡಬೇಕಿತ್ತು. ನನಗೆ ಕೆಲಸ ಕಲಿಸಿದ ಹಿರಿಯ ಆಪರೇಟರು ಮೊದಲ ವಾರದಲ್ಲೇ ಹೇಳಿಕೊಟ್ಟದ್ದು ಅದು. "ತೆರೆ ನೋಡಿದ್ರೆ ನಿನ್ನ ಕಣ್ಣು ನಿನಗೇ ಸುಳ್ಳು ಹೇಳುತ್ತೆ. ತಲೆಗಳನ್ನ ನೋಡು," ಎನ್ನುತ್ತಿದ್ದರು. ಕ್ಯಾಬಿನ್ನಿನ ಕಿಂಡಿಯಿಂದ ಕೆಳಗೆ ಸಾಲು ಸಾಲು ತಲೆಗಳ ಹಿಂಭಾಗ ಕಾಣುತ್ತಿತ್ತು. ಎಲ್ಲ ನೆಟ್ಟಗಿದ್ದರೆ ಚಿತ್ರ ಸರಿಯಾಗಿದೆ. ತಲೆಗಳು ಆಚೀಚೆ ವಾಲಿದರೆ, ಪಕ್ಕಕ್ಕೆ ತಿರುಗಿದರೆ, ಏನೋ ಕೆಟ್ಟಿದೆ. ಫೋಕಸ್ ಜಾರಿದೆ, ಇಲ್ಲ ಬೆಳಕು ಇಳಿದಿದೆ. ಶಿಳ್ಳೆ ಬೀಳುವ ಮೊದಲೇ ಸರಿಮಾಡು. ಮೂವತ್ತೇಳು ವರ್ಷ ಹಾಗೇ ಮಾಡಿದೆ. ನನ್ನ ಆಟಕ್ಕೆ ಶಿಳ್ಳೆ ಬಿದ್ದದ್ದು ನಾಲ್ಕು ಸಲ, ನಾಲ್ಕೂ ಕರೆಂಟು ಹೋದದ್ದಕ್ಕೆ.

ಐದನೇ ದಿನ ಕಪಾಟಿನ ಪಕ್ಕ ನಿಂತು ಅವಳ ತಲೆಯ ಹಿಂಭಾಗ ನೋಡಿದೆ. ಬಿಳಿಯ ಕೂದಲು, ಸಣ್ಣ ಗಂಟು. ತಲೆ ಎಡಕ್ಕೆ ತಿರುಗಿತ್ತು. ಅವಳು ನೋಡುತ್ತಿದ್ದದ್ದು ಚಿತ್ರವನ್ನಲ್ಲ, ಎಡಗಡೆಯ ಕಪ್ಪು ಪಟ್ಟಿಯನ್ನು.

"ಕಾಣ್ತಿದೆಯಾ?"

"ಕಾಣ್ತಿದೆ. ಚೆನ್ನಾಗಿದೆ."

ಮಗಳು ನಡುವೆ ನಿಂತು ಗೋಡೆಗೆ ಬಣ್ಣ ಬಳಿಯುತ್ತಿದ್ದಳು. ತಾಯಿ ಏನೂ ಇಲ್ಲದ ಕಪ್ಪನ್ನು ನೋಡುತ್ತಾ ಚೆನ್ನಾಗಿದೆ ಎನ್ನುತ್ತಿದ್ದಳು.

ನನಗೆ ಎರಡು ಯೋಚನೆ ಬಂದವು. ಒಂದು, ಚಿತ್ರ ಸರಿಯಿಲ್ಲ. ಇನ್ನೊಂದು, ಅವಳಿಗೆ ನನ್ನ ಮೇಲೆ ಕೋಪ. ಎರಡನೆಯದು ಹೊಸದಲ್ಲ. ಕೆಲವು ತಿಂಗಳಿಂದ ಅವಳು ಮಾತಾಡುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಊಟಕ್ಕೆ ಬನ್ನಿ ಎಂದರೂ, ಚಳಿಯಾಗುತ್ತಿದೆ ಎಂದರೂ, ಕಣ್ಣು ನನ್ನ ಕಿವಿಯ ಆಚೆ ಗೋಡೆಯಲ್ಲಿ. ಹೆತ್ತ ಮಗಳಿಗೆ ಒಂದು ಹನಿ ಕಣ್ಣೀರು ಹಾಕದವನ ಮುಖವನ್ನು ಏನೆಂದು ನೋಡಿಯಾಳು ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಅದಕ್ಕೂ ನನಗೆ ಏನೂ ಅನ್ನಿಸಿರಲಿಲ್ಲ. ಹಾಗೋ, ಸರಿ, ಎಂದುಕೊಂಡಿದ್ದೆ.

ಮುಖವನ್ನು ರಿಪೇರಿ ಮಾಡುವುದು ನನ್ನ ಕೈಲಿರಲಿಲ್ಲ. ಚಿತ್ರವನ್ನು ರಿಪೇರಿ ಮಾಡಬಹುದಿತ್ತು.

ಮೊದಲು ಕಪ್ಪು ಪಟ್ಟಿಗಳನ್ನು ತೆಗೆದೆ. ಆಕಾರ ಎಂಬಲ್ಲಿ ಚೌಕ ಬಿಟ್ಟು ಇಡೀ ಚಿತ್ರವನ್ನು ದೊಡ್ಡದು ಮಾಡುವುದನ್ನು ಆರಿಸಿದೆ. ಗೋಡೆ ತುಂಬಿತು. ಆದರೆ ಮೇಲೆ ಮಗಳ ತಲೆಯೂ ಕೆಳಗೆ ಸ್ಟೂಲೂ ಕತ್ತರಿಸಿ ಹೋದವು. ಹೆಂಡತಿಯ ತಲೆ ಇನ್ನಷ್ಟು ಎಡಕ್ಕೆ ತಿರುಗಿತು. ಈಗ ಅವಳು ಗೋಡೆಯನ್ನೂ ದಾಟಿ ಕಿಟಕಿಯ ಹೊದಿಕೆ ನೋಡುತ್ತಿದ್ದಳು. ಮರುದಿನ ಬೆಳಕು ಹೆಚ್ಚಿಸಿದೆ. ಬಣ್ಣಗಳೆಲ್ಲ ಬೆಳ್ಳಗಾದವು, ಮಗಳ ಮುಖ ತೊಳೆದಿಟ್ಟ ತಟ್ಟೆಯ ಹಾಗಾಯಿತು. ಹೆಂಡತಿಯ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡು ಚೆನ್ನಾಗಿದೆ ಎಂದಳು. ಅದರ ಮರುದಿನ ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ ಎಂದಿಟ್ಟೆ, ಸಿನಿಮಾ ಓಡುವುದು ಅದರಲ್ಲೇ ಅಲ್ಲವೇ ಎಂದು. ಮಗಳ ಕೈ ತಡವರಿಸುತ್ತಾ ಓಡಾಡಿತು, ಬಣ್ಣದ ಕುಂಚ ಗೋಡೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರಿದಂತೆ. ಅದನ್ನೂ ಚೆನ್ನಾಗಿದೆ ಎಂದಳು.

ಅಳಿಯನಿಗೆ ಫೋನು ಮಾಡಿದೆ. ಯಾರದೋ ಮನೆಯ ಏಣಿಯ ಮೇಲಿದ್ದ.

"ಮಾವ, ಬೇರೆ ಗಿರಾಕಿ ಆಗಿದ್ರೆ ನಾನು ಇಷ್ಟೊತ್ತಿಗೆ ನಂಬರ್ ಬ್ಲಾಕ್ ಮಾಡಿರ್ತಿದ್ದೆ. ಯಾಕೆ ಹೀಗೆ ದಿನಾ ತಿರುವುತ್ತೀರಿ?"

"ಅವಳಿಗೆ ಕಾಣ್ತಿಲ್ಲ."

"ಹೇಳಿದ್ರಾ ಅತ್ತೆ?"

"ಹೇಳಲ್ಲ. ತಲೆ ನೋಡಿದ್ರೆ ಗೊತ್ತಾಗುತ್ತೆ."

ಅವನು ಏಣಿಯಿಂದ ಇಳಿದ ಸದ್ದು ಕೇಳಿಸಿತು. "ಎರಡು ಸಾವಿರದ ನೂರ ಅರವತ್ತು ಅಂತ ಇದೆ ನೋಡಿ, ಅತ್ಯಂತ ಮೇಲಿನದು. ಅದನ್ನ ಹಾಕಿ ನೋಡಿ. ಅದು ಆ ಪ್ರೊಜೆಕ್ಟರ್‌ಗೆ ಒಪ್ಪಲ್ಲ ಅನ್ಸುತ್ತೆ, ಆದ್ರೂ ನೋಡಿ." ಆಮೇಲೆ, "ಅದು ಹೇಗಿದೆ ಮಾವ? ಅದರಲ್ಲಿ ಅವಳು ಹೇಗೆ ಕಾಣ್ತಾಳೆ?" ಎಂದ.

"ಅಂಚು ಸ್ವಲ್ಪ ಮೊಂಡಾಗಿದೆ," ಎಂದೆ.

"ಸರಿ ಬಿಡಿ," ಎಂದು ಫೋನಿಟ್ಟ.

ಮೇಲಿನದನ್ನು ಹಾಕಿದೆ. ಗೋಡೆ ಕಪ್ಪಾಯಿತು. ಹದಿನೈದು ಸೆಕೆಂಡು ಇಬ್ಬರೂ ಕತ್ತಲಲ್ಲಿ ಕಾದೆವು. ಅವಳು ಕುರ್ಚಿಯಲ್ಲಿ, ನಾನು ಕಪಾಟಿಗೆ ಒರಗಿ. ಚಿತ್ರ ಹಳೆಯದಕ್ಕೆ ಮರಳಿತು. ಮತ್ತೆ ಹಾಕಿದೆ, ಮತ್ತೆ ಕಪ್ಪು. ಆ ಮಧ್ಯಾಹ್ನ ಹಾಗೆ ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. ಅವಳು ಒಮ್ಮೆಯೂ ಸಾಕು ಎನ್ನಲಿಲ್ಲ.

ಹೀಗೆ ಎರಡು ವಾರ ಕಳೆಯಿತು. ಐದಾರು ತಿಂಗಳ ಬಲಗಣ್ಣಿನಲ್ಲಿ ಎರಡು ವಾರ. ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಗುಂಡಿ ಒತ್ತುತ್ತಿದ್ದೆ. ಗುಂಡಿ ಒತ್ತುವಾಗ ಗುಂಡಿಯ ಯೋಚನೆ ಮಾತ್ರ ಇರುತ್ತಿತ್ತು.

ಒಂದು ಶನಿವಾರ ಎಲ್ಲವನ್ನೂ ಸೇರಿಸಿ ಒಂದು ಹದಕ್ಕೆ ತಂದೆ. ಸಾವಿರದ ಎಂಬತ್ತು ಗೆರೆ, ಐವತ್ತು ಚಿತ್ರ, ಬೆಳಕು ಮೇಲಿನದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಗೋಡೆ ತುಂಬ, ತಲೆ ಕತ್ತರಿಸದ ಹಾಗೆ ಚಿತ್ರವನ್ನು ಕೆಳಗಿಳಿಸಿ. ಮಗಳ ಮುಖ ಸರಿಯಾಗಿ ಗೋಡೆಯ ಮಧ್ಯಕ್ಕೆ, ನನ್ನ ಹೆಂಡತಿಯ ಮೂಗಿನ ನೇರಕ್ಕೆ ಬರುವಂತೆ ಕುರ್ಚಿಯನ್ನೂ ಸರಿಸಿದೆ. ಇಂಥ ಚಿತ್ರವನ್ನು ಹಾಲಿನಲ್ಲಿ ಕೊಟ್ಟಿದ್ದರೆ ಮ್ಯಾನೇಜರು ಕ್ಯಾಬಿನ್ನಿಗೆ ಬಂದು ಬೆನ್ನು ತಟ್ಟುತ್ತಿದ್ದರು.

ಅವಳ ತಲೆ ಎಡಕ್ಕೆ ತಿರುಗಿತು.

ನಾನು ಕಪಾಟಿನ ಹತ್ತಿರದಿಂದ ಮುಂದೆ ಬಂದೆ. ಕುರ್ಚಿಯ ಹಿಂದೆ ನಿಂತು ಎರಡೂ ಕೈಯಿಂದ ಅವಳ ತಲೆಯನ್ನು ಹಿಡಿದೆ. ಲೆನ್ಸನ್ನು ಹಿಡಿಯುವ ಹಾಗೆ, ಮೆಲ್ಲಗೆ, ಎರಡು ಬೆರಳು ಕಿವಿಯ ಹಿಂದೆ. ಬಲಕ್ಕೆ ತಿರುಗಿಸಿ ಚಿತ್ರಕ್ಕೆ ನೇರ ಮಾಡಿದೆ.

"ಇಲ್ಲಿ ನೋಡು," ಎಂದೆ. "ಇಲ್ಲಿದಾಳೆ."

ಅವಳು ಅಲುಗಾಡಲಿಲ್ಲ. ಹೇಳಿದಳು:

"ಈಗ ಹೋದಳು."

"ಏನು?"

"ನೀವು ಹೀಗೆ ತಿರುಗಿಸಿದ್ರಲ್ಲ, ಅವಳು ಹೋದಳು. ಕೈ ಬಿಡಿ."

ಕೈ ಬಿಟ್ಟೆ. ತಲೆ ಮತ್ತೆ ಎಡಕ್ಕೆ ಹೋಯಿತು.

"ಈಗ ಬಂದಳು," ಎಂದಳು. "ಪೂರ್ತಿ ಅಲ್ಲ. ಅರ್ಧ."

ನನಗೆ ತಿಳಿಯಲಿಲ್ಲ. ವಿಡಿಯೋ ನಿಲ್ಲಿಸಿದೆ. ಮಗಳು ಕುಂಚ ಎತ್ತಿಕೊಂಡು ಗೋಡೆಯ ಮೇಲೆ ನಿಂತುಬಿಟ್ಟಳು. ನಾನು ಕುರ್ಚಿಯ ಮುಂದೆ ಹೋಗಿ ಮೊಣಕಾಲೂರಿ ಕೂತೆ. ನನ್ನ ಹೆಂಡತಿ ಎಂದಿನಂತೆ ನನ್ನ ಕಿವಿಯ ಆಚೆ ನೋಡುತ್ತಾ ಮಾತಾಡಿದಳು.

"ನಡುವೆ ಏನೂ ಇಲ್ಲ ಕಣ್ರೀ. ಎಲ್ಲಿ ಕಣ್ಣಿಟ್ರೆ ಅಲ್ಲೊಂದು ತೂತು. ಬೂದಿ ಬಣ್ಣದ್ದು. ಅಂಚಲ್ಲಿ ಕಾಣುತ್ತೆ. ಡಾಕ್ಟರಮ್ಮ ಅದನ್ನೇ ಅಷ್ಟು ಹೊತ್ತು ಹೇಳ್ಕೊಟ್ಟಿದ್ದು. ಬೇಕಾದ್ದನ್ನ ನೋಡ್ಬೇಡಿ, ಅದರ ಪಕ್ಕ ನೋಡಿ, ಆಗ ಅದು ಸಿಗುತ್ತೆ ಅಂತ. ಮನೇಲಿ ಲೋಟ ಇಟ್ಕೊಂಡು ಅಭ್ಯಾಸ ಮಾಡಿದೆ. ಲೋಟದ ಪಕ್ಕದ ಡಬ್ಬ ನೋಡೋದು, ಲೋಟ ಹಿಡಿಯೋದು."

"ನನಗೆ ಹೇಳಲಿಲ್ಲ."

"ಏನಂತ ಹೇಳ್ಲಿ. ನೀವು ಬೆಂಚಲ್ಲಿ ಕೂತಿದ್ದನ್ನ ನೋಡಿದ್ರೆ ಯಾರೋ ಮರೆತು ಹೋದ ಚೀಲದ ಥರ ಇದ್ರಿ. ಇನ್ನೊಂದು ಸೇರಿಸೋದು ಬೇಡ ಅನ್ನಿಸ್ತು."

"ಮತ್ತೆ ನನ್ನ ಮುಖ..."

"ಮುಖ ಏನು?"

"ನೋಡಲ್ಲ ನೀನು. ಎಷ್ಟೋ ತಿಂಗಳಾಯ್ತು."

"ಅಯ್ಯೋ ಮಾರಾಯ್ರೆ," ಎಂದಳು. "ನೋಡ್ತಿರೋದೇ ಹೀಗೆ. ನಿಮ್ಮ ಮುಖ ಕಾಣ್ಬೇಕಾದ್ರೆ ನಿಮ್ಮ ಕಿವಿ ಆಚೆ ನೋಡ್ಬೇಕು. ಇವತ್ತು ಗಡ್ಡ ಕೆರೆದುಕೊಂಡಿಲ್ಲ ನೀವು. ನಿನ್ನೆನೂ ಇಲ್ಲ. ಇಲ್ಲಿ, ದವಡೆ ಹತ್ರ ಬೆಳ್ಳಗೆ ಬಿಟ್ಟಿದೀರ."

ಕೈ ಚಾಚಿ ಸರಿಯಾಗಿ ಅದೇ ಜಾಗ ಮುಟ್ಟಿದಳು.

ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ಏನಾದರೂ ಆಗಬೇಕು. ನಾನು ಕಾದೆ. ನೆಲ ಮೊಣಕಾಲಿಗೆ ಒತ್ತುತ್ತಿತ್ತು, ಅದು ಗೊತ್ತಾಯಿತು. ಕೆಳಗಿನ ಮನೆಯವರು ಬಟ್ಟೆ ಒಗೆಯುವ ಮಿಷನ್ ಹಚ್ಚಿದ್ದರು, ಅದು ಕೇಳಿಸಿತು.

"ಹಾಗಾದ್ರೆ ಈ ಎರಡು ವಾರ ನಿನಗೆ ಏನೂ ಕಾಣಲಿಲ್ಲ," ಎಂದೆ.

"ಯಾಕೆ ಕಾಣಲಿಲ್ಲ? ಮೊದಲು ಒಂದು ಥರ ಇಟ್ಟಿದ್ರಲ್ಲ, ಎರಡು ಕಡೆ ಕಪ್ಪಾಗಿ, ಆವಾಗ ಕಂಡಿತು. ಆ ಕಪ್ಪಿನ ಮೇಲೆ ಕಣ್ಣು ಕೂರಿಸಿದ್ರೆ ಅವಳು ಪಕ್ಕಕ್ಕೆ ಬಂದು ನಿಲ್ತಿದ್ದಳು. ಕಪ್ಪಲ್ಲಿ ನೋಡೋಕೆ ಏನೂ ಇಲ್ಲವಲ್ಲ, ಕಣ್ಣು ಅಲ್ಲೇ ಸುಮ್ನೆ ಇರ್ತಿತ್ತು. ಮೂಗು ಕಂಡಿತು, ಹುಬ್ಬು ಕಂಡಿತು. ಎರಡು ದಿನ ನೋಡಿದೆ. ಮೂರನೇ ದಿನ ನೀವು ಅದನ್ನ ತೆಗೆದುಬಿಟ್ರಿ."

"ತಲೆ ತಿರುಗಿತ್ತು ನಿನ್ನದು. ಅದಕ್ಕೇ ತೆಗೆದೆ."

"ತಲೆ ತಿರುಗಿಸಿದ್ರಿಂದಲೇ ಕಂಡಿದ್ದು."

"ಒಂದು ಮಾತು ಹೇಳ್ಬಾರದಾ? ಚೆನ್ನಾಗಿದೆ ಚೆನ್ನಾಗಿದೆ ಅಂತಿದ್ದೆಯಲ್ಲ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಕಾಜ ಹಾಕಿದ ಬೆರಳು, ಖಾಲಿ ಇದ್ದಾಗ ಏನಾದರೂ ಹೊಲಿಯುತ್ತಲೇ ಇರುತ್ತದೆ.

"ಒಂದು ವರ್ಷದಿಂದ ನಿಮ್ಮ ಕೈ ತೊಡೆ ಮೇಲೆ ಬಿದ್ದಿತ್ತು," ಎಂದಳು. "ಎತ್ತಿಟ್ಟಲ್ಲಿ ಇರ್ತಿತ್ತು. ಈ ಡಬ್ಬ ಬಂದ ಮೇಲೆ ಆಡೋಕೆ ಶುರುವಾಯ್ತು. ಡೈರಿ ತೆಗೆದ್ರಿ, ಪೆನ್ಸಿಲ್ ಕೆತ್ತಿದ್ರಿ, ಫೋನ್ ಮಾಡಿ ಅವನನ್ನ ಬೈದ್ರಿ. ಇದು ಚೆನ್ನಾಗಿದೆ ಅಂತ ನಿಲ್ಲಿಸಿಬಿಟ್ರೆ ಮತ್ತೆ ಬೆಂಚಲ್ಲಿ ಕೂತ್ಕೋತೀರ ಅನ್ನಿಸ್ತು. ಇನ್ನೊಂದು ನಾಲ್ಕು ದಿನ ಆಡಲಿ ಅಂತ ಬಿಟ್ಟೆ."

"ನಾಲ್ಕು ದಿನ ಅಲ್ಲ. ಎರಡು ವಾರ. ನಿನ್ನ ಕಣ್ಣಿಂದ ಹೋಗಿದ್ದು."

"ಹೋಯ್ತು ಬಿಡಿ. ಈಗ ವಾಪಸ್ ಇಡೋಕೆ ಬರುತ್ತಾ, ಇಲ್ಲ ಅದಕ್ಕೂ ಅವನನ್ನ ಏಣಿ ಇಳಿಸ್ಬೇಕಾ?"

ಎದ್ದು ಡೈರಿ ತೆಗೆದೆ. ಮೂರನೇ ದಿನದ ಹಾಳೆ. ಏಳುನೂರ ಇಪ್ಪತ್ತು, ಐವತ್ತು, ಚೌಕ, ನಡುವಿನ ಬೆಳಕು. ಒಂದೊಂದಾಗಿ ಆರಿಸಿದೆ. ಗೋಡೆ ಕ್ಷಣ ಕಪ್ಪಾಗಿ ಮತ್ತೆ ಬೆಳಗಿತು. ಎರಡು ಬದಿಗೂ ಪಟ್ಟಿಗಳು ಬಂದು ನಿಂತವು. ಇಟ್ಟುಕೊಳ್ಳಲೇ ಎಂದು ಗೋಡೆ ಕೇಳಿತು. ಹೂಂ ಒತ್ತಿದೆ. ಅವಳ ಕುರ್ಚಿಯನ್ನು ಒಂದು ಮೊಳ ಬಲಕ್ಕೆ ಎಳೆದೆ, ಎಡಗಡೆಯ ಕಪ್ಪು ಅವಳಿಗೆ ಅನುಕೂಲವಾಗುವಂತೆ.

"ಹಾಂ," ಎಂದಳು. "ಅಲ್ಲಿದಾಳೆ."

ವಿಡಿಯೋವನ್ನು ಮೊದಲಿನಿಂದ ಹಾಕಿದೆ. ಅವಳು ಕಪ್ಪನ್ನು ನೋಡುತ್ತಾ ಮಗಳನ್ನು ನೋಡಿದಳು. ನಾನು ಹಿಂದೆ ನನ್ನ ಜಾಗಕ್ಕೆ ಹೋಗಿ ನಿಂತೆ. ಐದಾರು ನಿಮಿಷ ಕಳೆದಿರಬೇಕು.

"ರೀ, ಈಗ ಕೈಯಲ್ಲಿ ಏನು ಮಾಡಿದಳು?"

"ಯಾರು?"

"ಯಾರಂತೆ ನೋಡಿ! ಇನ್ಯಾರು? ಕೈ ಮೇಲೆತ್ತಿದಳು, ಅಷ್ಟು ಗೊತ್ತಾಯ್ತು. ಬೆರಳು ಗೊತ್ತಾಗಲ್ಲ ನನಗೆ, ಅಷ್ಟು ಸಣ್ಣದು ಹಿಡಿಯಲ್ಲ ಈ ಕಣ್ಣು. ಕೈ ಎತ್ತಿ ಏನು ಮಾಡಿದಳು?"

ನನಗೆ ಗೊತ್ತಿರಲಿಲ್ಲ. ಆ ವಿಡಿಯೋವನ್ನು ನಾನು ಮೂವತ್ತು ನಲವತ್ತು ಸಲ ಓಡಿಸಿದ್ದೆ. ಮೇಲಿನ ಬಲಮೂಲೆಯಲ್ಲಿ ಒಂದು ಬಲ್ಬಿನ ಹೋಲ್ಡರ್ ಇದೆ ಎಂದು ಗೊತ್ತಿತ್ತು, ಎಡ ಅಂಚಿನಲ್ಲಿ ಬಾಗಿಲ ಚೌಕಟ್ಟು ಸ್ವಲ್ಪ ಬಾಗಿದಂತಿದೆ ಎಂದು ಗೊತ್ತಿತ್ತು, ಏಳನೇ ನಿಮಿಷದಲ್ಲಿ ಚಿತ್ರ ಒಮ್ಮೆ ಕುಲುಕುತ್ತದೆ ಎಂದು ಗೊತ್ತಿತ್ತು. ನಡುವೆ ನಿಂತವಳನ್ನು ನಾನು ನೋಡಿರಲಿಲ್ಲ. ಅವಳು ದಪ್ಪವಾಗಿ ಕಂಡಳು, ಬೆಳ್ಳಗೆ ಕಂಡಳು, ಅಂಚು ಮೊಂಡಾಗಿ ಕಂಡಳು, ಅಷ್ಟೇ.

"ನೋಡಲಿಲ್ಲ," ಎಂದೆ.

ಅವಳು ಬೈಯಲಿಲ್ಲ. "ಹಿಂದಕ್ಕೆ ಹಾಕಿ. ಇಲ್ಲಿ ಬಂದು ಕೂತ್ಕೊಳ್ಳಿ. ನೀವು ನಡು ನೋಡಿ, ನಾನು ಪಕ್ಕ ನೋಡ್ತೀನಿ. ನನಗೆ ಸಿಗದ್ದನ್ನ ಹೇಳಿ."

ಊಟದ ಮೇಜಿನ ಕುರ್ಚಿ ತಂದು ಅವಳ ಪಕ್ಕಕ್ಕೆ ಹಾಕಿ ಕೂತೆ. ಬೆನ್ನಿಗೆ ಮಿಷನ್ ಇಟ್ಟು ಕೂತದ್ದು ಅದೇ ಮೊದಲು. ಕಣ್ಣು ತಾನಾಗಿ ಮೂಲೆಗೆ ಹೋಯಿತು. ಎಳೆದು ತಂದೆ. ಮತ್ತೆ ಹೋಯಿತು, ಮತ್ತೆ ಎಳೆದು ತಂದು ಅವಳ ಮೇಲಿಟ್ಟೆ.

"ಕೈ ಎತ್ತಿದಳು," ಎಂದೆ. "ಮಣಿಕಟ್ಟಿನ ಹಿಂಭಾಗದಿಂದ ಮೂಗು ಒರೆಸಿಕೊಂಡಳು. ಮೂಗಿಗೆ ಬಣ್ಣ ಹತ್ತಿತು."

"ಯಾವ ಬಣ್ಣ?"

"ತಿಳಿ ಹಸಿರು. ಹತ್ತಿದೆ ಅಂತ ಅವಳಿಗೆ ಗೊತ್ತಿಲ್ಲ."

"ಆಮೇಲೆ?"

"ಈ ಕಡೆ ತಿರುಗಿದಳು. ಕ್ಯಾಮೆರಾ ಹಿಡಿದವನಿಗೆ ಏನೋ ಹೇಳ್ತಿದಾಳೆ."

"ಅದು ಕೇಳಿಸುತ್ತೆ. ಸಾಕು, ಆಫ್ ಮಾಡು ಅಂತ. ಮುಖ ಹೇಗಿದೆ, ಅದು ಹೇಳಿ. ನಗ್ತಿದಾಳಾ?"

"ನಗ್ತಿಲ್ಲ. ನಗು ಬರ್ತಿದೆ, ತಡೀತಿದಾಳೆ. ಕೆಳತುಟಿ ಒಳಗೆ ಎಳ್ಕೊಂಡಿದಾಳೆ."

"ಹಾಗೇ ಮಾಡ್ತಿದ್ದಳು," ಎಂದಳು ಹೆಂಡತಿ. "ಎರಡು ವರ್ಷದ ಮಗುವಾಗಿದ್ದಾಗಿಂದಲೇ. ಹೇಳಿ."

"ಕಿವಿಯಲ್ಲಿ ಏನೂ ಹಾಕಿಲ್ಲ. ಕೂದಲು ಮೇಲಕ್ಕೆ ಕಟ್ಟಿದಾಳೆ, ಪೆನ್ಸಿಲ್ ಸಿಕ್ಕಿಸಿದಾಳೆ. ಬರಿಗಾಲು. ಸ್ಟೂಲಿನ ಮೇಲೆ ಒಂದೇ ಕಾಲು ಪೂರ್ತಿ ಊರಿದಾಳೆ, ಇನ್ನೊಂದರ ತುದಿ ಮಾತ್ರ. ಬೀಳ್ತಾಳೆ ಹೀಗೆ ನಿಂತ್ರೆ."

"ಬಿದ್ದಿಲ್ಲ. ಹೇಳಿ."

"ಅಂಗಿ..." ಎಂದೆ.

ಅಲ್ಲಿಗೆ ನಿಂತೆ. ಅಂಗಿ ಅವಳ ಅಳತೆಯದಲ್ಲ. ತೋಳು ಮೊಣಕೈವರೆಗೆ ನಾಲ್ಕು ಮಡಿಕೆ ಮಡಚಿತ್ತು. ಖಾಕಿ. ಎಡಜೇಬಿನ ಕೆಳಗೆ ಮೂರು ಸಣ್ಣ ಕರಿ ತೂತು, ಕಡಲೆಕಾಳಿನಷ್ಟು. ಕ್ಯಾಬಿನ್ನಿನಲ್ಲಿ ಮಿಷನ್ನಿನ ಬೆಳಕಿಗೆ ಉರಿಸುವ ಕಾರ್ಬನ್ ಕಡ್ಡಿಯ ಕಿಡಿ ಸಿಡಿದು ಆದವು. ಆ ಮೂರು ಯಾವ ದಿನ, ಯಾವ ಆಟದಲ್ಲಿ ಸಿಡಿದವು ಎಂದು ನಾನು ಈಗಲೂ ಹೇಳಬಲ್ಲೆ.

"ಏನಾಯ್ತು? ಫಿಲಂ ಕಟ್ ಆಯ್ತಾ?" ಎಂದಳು.

"ಇಲ್ಲ. ನನ್ನ ಅಂಗಿ ಹಾಕ್ಕೊಂಡಿದಾಳೆ."

"ಹೂಂ. ನಾನೇ ಕೊಟ್ಟಿದ್ದು. ಹಾಲ್ ಮುಚ್ಚಿದ ಮೇಲೆ ಪೆಟ್ಟಿಗೇಲಿ ಸುಮ್ನೆ ಬಿದ್ದಿತ್ತಲ್ಲ. ಬಣ್ಣ ಬಳಿಯೋಕೆ ಹಳೇದು ಏನಾದ್ರೂ ಕೊಡಮ್ಮ ಅಂದಳು. ಬೇರೆ ಎರಡು ತೋರಿಸಿದೆ. ಇದೇ ಬೇಕು ಅಂದಳು."

ನನ್ನ ಕೈ ಎದೆಗೆ ಹೋಗಿ, ಎಡಜೇಬಿನ ಕೆಳಗೆ, ಆ ತೂತುಗಳಿದ್ದ ಜಾಗ ತಡವಿತು. ಗೋಡೆಯ ಮೇಲೆ ಮಗಳು ಮತ್ತೆ ಆ ಕಡೆಗೆ ತಿರುಗಿದಳು.

"ನಿಲ್ಲಿಸ್ಬೇಡಿ," ಎಂದಳು ನನ್ನ ಹೆಂಡತಿ, ಕಪ್ಪು ಪಟ್ಟಿಯಿಂದ ಕಣ್ಣು ತೆಗೆಯದೆ. "ಮುಂದೆ ಹೇಳಿ."

"ಕುಂಚ ಡಬ್ಬಿಗೆ ಅದ್ದಿದಳು," ಎಂದೆ. "ಅಂಚಿಗೆ ಒರೆಸಿದಳು. ಒಂದ್ಸಲ. ಇನ್ನೊಂದ್ಸಲ."